57 ಪಂದ್ಯ ಗೆದ್ದರೂ ಊರು ಉಳಿಯಲಿಲ್ಲ

ಕೆನಡಾದ ವಿನ್ನಿಪೆಗ್ ನಗರದ ಎರಡು ಜೂನಿಯರ್ ಐಸ್ ಹಾಕಿ ತಂಡಗಳ ಲೆಕ್ಕ ಇಲ್ಲಿದೆ, ನೋಡಿ. ಮೊದಲನೆಯದು ವಿನ್ನಿಪೆಗ್ ವಾರಿಯರ್ಸ್. 1983-84ರ ಸೀಸನ್‌ನಲ್ಲಿ ಅದು ಆಡಿದ್ದು 72 ಪಂದ್ಯ, ಗೆದ್ದದ್ದು 9, ಸೋತದ್ದು 63. ಆ ಸೀಸನ್ ಮುಗಿದ ಮೇಲೆ ತಂಡ ಊರು ಬಿಟ್ಟು ಮೂಸ್ ಜಾ ಎಂಬ ಸಣ್ಣ ಪಟ್ಟಣಕ್ಕೆ ಹೋಯಿತು. ಎರಡನೆಯದು ವಿನ್ನಿಪೆಗ್ ಐಸ್. 2022-23ರಲ್ಲಿ ಅದು 68 ಪಂದ್ಯಗಳಲ್ಲಿ 57 ಗೆದ್ದಿತು. 22 ತಂಡಗಳ ಲೀಗ್‌ನಲ್ಲಿ ಅದಕ್ಕಿಂತ ಹೆಚ್ಚು ಅಂಕ ಗಳಿಸಿದವರು ಯಾರೂ ಇರಲಿಲ್ಲ. ಆ ಸೀಸನ್ ಮುಗಿದ ಮೇಲೆ ಅದೂ ಊರು ಬಿಟ್ಟಿತು. ಎರಡೂ ತಂಡಗಳು ವಿನ್ನಿಪೆಗ್‌ನಲ್ಲಿ ಬಾಳಿದ್ದು ನಾಲ್ಕೇ ಸೀಸನ್.

ಸೋತ ತಂಡ ಹೋದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಗೆದ್ದ ತಂಡ ಯಾಕೆ ಹೋಗಬೇಕು? ಪಿಯುಸಿ ಮುಗಿಸಿದ ದಿನದಿಂದ 'ನೀನು ಚೆನ್ನಾಗಿ ಓದು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ' ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ನಮಗೆ ಅಗತ್ಯ.

ಹಾಕಿ ಎಂದರೆ ನಮಗೆ ಕೊಡಗು ನೆನಪಾಗುತ್ತದೆ. ಐಸ್ ಹಾಕಿ ಬೇರೆಯೇ ಆಟ. ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ಕಟ್ಟಿಕೊಂಡು, ಒಂದು ಕಡೆಗೆ ಆರು ಜನರಂತೆ ಆಡುತ್ತಾರೆ. ಚೆಂಡಿನ ಬದಲು 'ಪಕ್' ಎಂಬ ರಬ್ಬರ್ ಬಿಲ್ಲೆ ಇರುತ್ತದೆ. 20 ನಿಮಿಷಗಳ ಮೂರು ಅವಧಿಯ ಆಟ. ಕೆನಡಾದಲ್ಲಿ ಈ ಆಟಕ್ಕಿರುವ ಸ್ಥಾನ ನಮ್ಮಲ್ಲಿ ಕ್ರಿಕೆಟ್‌ಗೆ ಇರುವಂಥದ್ದು. ಅಲ್ಲಿನ ಹುಡುಗರ ಕನಸು ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್. ಅಲ್ಲಿಗೆ ಹೋಗುವ ಮುಖ್ಯ ಮೆಟ್ಟಿಲುಗಳಲ್ಲಿ ಒಂದು ವೆಸ್ಟರ್ನ್ ಹಾಕಿ ಲೀಗ್ (ಡಬ್ಲ್ಯುಎಚ್‌ಎಲ್). ಇದರಲ್ಲಿ ಆಡುವವರು ಸಾಮಾನ್ಯವಾಗಿ 16ರಿಂದ 20 ವರ್ಷದವರು. ನನ್ನ ವಯಸ್ಸಿನವರಿಗೆ ಅದು ಕೊನೆಯ ವರ್ಷ. ಹೊರ ಊರುಗಳಿಂದ ಬಂದ ಹುಡುಗರು ಆಯಾ ಊರಿನ ಕುಟುಂಬಗಳ ಮನೆಯಲ್ಲಿ ಉಳಿದುಕೊಂಡು, ಅಲ್ಲಿನ ಶಾಲೆಗೇ ಹೋಗುತ್ತ ಆಡುತ್ತಾರೆ. ನಮ್ಮ ಪಿಜಿ, ಹಾಸ್ಟೆಲ್‌ಗಳಿಗೆ ಬದಲು ಅಲ್ಲಿ ಒಂದು ಮನೆ, ಒಬ್ಬ ಸಾಕುತಾಯಿ ಸಿಗುತ್ತಾರೆ ಎನ್ನಬಹುದು.

ಅಲೆಮಾರಿ ತಂಡದ ಹುಟ್ಟು

ಐಸ್ ತಂಡ ಹುಟ್ಟಿದ್ದು ವಿನ್ನಿಪೆಗ್‌ನಲ್ಲಲ್ಲ, 1996ರಲ್ಲಿ ಎಡ್ಮಂಟನ್‌ನಲ್ಲಿ. ಸ್ಥಾಪಕರು ಎಡ್ ಚೈನೋವೆತ್. ಲೀಗ್‌ನ ಅಧ್ಯಕ್ಷರಾಗಿದ್ದವರು ಅವರು. ಇಂದು ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಕಪ್‌ಗೆ ಅವರದೇ ಹೆಸರಿದೆ. ಅಂಥವರ ತಂಡವೂ ಎಡ್ಮಂಟನ್‌ನಲ್ಲಿ ನಿಂತದ್ದು ಎರಡೇ ಸೀಸನ್. ಎನ್‌ಎಚ್‌ಎಲ್‌ನ ಆಯಿಲರ್ಸ್ ತಂಡವಿದ್ದ ಆ ದೊಡ್ಡ ನಗರದಲ್ಲಿ ಈ ಹುಡುಗರ ತಂಡ ಒಂದು ಸಣ್ಣ ರಿಂಕ್‌ನಲ್ಲಿ ಆಡುತ್ತಿತ್ತು. 1998ರಲ್ಲಿ ಅದು ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳ ನಡುವಿನ ಕ್ರಾನ್‌ಬ್ರೂಕ್‌ಗೆ ಹೋಗಿ 'ಕೂಟೆನೇ ಐಸ್' ಆಯಿತು.

ಕ್ರಾನ್‌ಬ್ರೂಕ್‌ನ ಜನಸಂಖ್ಯೆ ಸುಮಾರು 20 ಸಾವಿರ, ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಆದರೆ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ 2000ದಲ್ಲಿ ಎದ್ದು ನಿಂತಿತು. ತಂಡ 2000, 2002 ಮತ್ತು 2011ರಲ್ಲಿ ಲೀಗ್ ಗೆದ್ದಿತು. 2002ರಲ್ಲಿ ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಕೂಡ ಆ ಸಣ್ಣ ಊರಿಗೆ ಬಂತು.

ಚೈನೋವೆತ್ 2008ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ತಂಡ ಸೋಲುತ್ತಲೇ ಹೋಯಿತು, ಗ್ಯಾಲರಿ ಖಾಲಿಯಾಗುತ್ತ ಬಂತು. 2017ರಲ್ಲಿ ಕುಟುಂಬ ತಂಡವನ್ನು ಮಾರಿತು. 2019ರ ಜನವರಿಯಲ್ಲಿ ಹೊಸ ಮಾಲೀಕರು ತಂಡ ವಿನ್ನಿಪೆಗ್‌ಗೆ ಹೋಗಲಿದೆ ಎಂದು ಘೋಷಿಸಿದರು. 21 ಸೀಸನ್ ತಂಡವನ್ನು ತಮ್ಮದೆಂದು ಸಾಕಿದ ಊರಿಗೆ ಉಳಿದದ್ದು ಖಾಲಿ ಕ್ರೀಡಾಂಗಣ.

ಗಮನಿಸಿ: ಕ್ರಾನ್‌ಬ್ರೂಕ್‌ನಲ್ಲಿ ಅಂಗಳವಿತ್ತು, ಜನ ಕಡಿಮೆ. ವಿನ್ನಿಪೆಗ್‌ನಲ್ಲಿ ಏಳೂವರೆ ಲಕ್ಷ ಜನರಿದ್ದರು, ಅಂಗಳವಿರಲಿಲ್ಲ.

ಕನ್ನಡಿಯೊಳಗಿನ ಕ್ರೀಡಾಂಗಣ

ವಿನ್ನಿಪೆಗ್‌ನಲ್ಲಿ ಚಳಿಗಾಲದ ಉಷ್ಣಾಂಶ ಮೈನಸ್ 30 ಡಿಗ್ರಿಗೆ ಇಳಿಯುವುದುಂಟು. ನದಿಗಳು ಹೆಪ್ಪುಗಟ್ಟಿ, ಜನ ಅದರ ಮೇಲೆಯೇ ಸ್ಕೇಟಿಂಗ್ ಮಾಡುತ್ತಾರೆ. ಅಂಥ ಊರಿನಲ್ಲಿ ಹಾಕಿ ತಂಡಕ್ಕೆ ಅಂಗಳವಿಲ್ಲ ಎಂದರೆ ನಂಬುವುದು ಕಷ್ಟ. ಅಲ್ಲಿ ದೊಡ್ಡ ಕ್ರೀಡಾಂಗಣ ಇಲ್ಲವೆಂದಲ್ಲ. ಎನ್‌ಎಚ್‌ಎಲ್‌ನ ವಿನ್ನಿಪೆಗ್ ಜೆಟ್ಸ್ ತಂಡ ಆಡುವುದು ಅಲ್ಲೇ. ಆದರೆ ಅದು ಜೆಟ್ಸ್‌ನ ಮನೆ, ಹುಡುಗರ ತಂಡದ್ದಲ್ಲ.

ಹಾಗಾಗಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ವೇಯ್ನ್ ಫ್ಲೆಮಿಂಗ್ ಅರೇನಾದಲ್ಲಿ ತಾತ್ಕಾಲಿಕವಾಗಿ ಆಡುವುದೆಂದು ತೀರ್ಮಾನವಾಯಿತು. ಅಲ್ಲಿದ್ದದ್ದು ಸುಮಾರು 1,600 ಆಸನ. ಅಷ್ಟರಲ್ಲಿ ನಗರದ ಹೊರವಲಯದಲ್ಲಿ ಸುಮಾರು 4,500 ಆಸನಗಳ ಹೊಸ ಕ್ರೀಡಾಂಗಣ ಏಳುತ್ತದೆ ಎಂಬುದು ಭರವಸೆ. ಎರಡು ವರ್ಷ ತಡೆದುಕೊಂಡರೆ ಸಾಕು ಎಂದಿದ್ದರು.

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಈ ಕಥೆಯಲ್ಲಿ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಐಸ್ ರಿಂಕ್ ಎಂದರೆ ನೀರು ಸುರಿದು ಹೆಪ್ಪುಗಟ್ಟಲು ಬಿಟ್ಟ ನೆಲ ಅಲ್ಲ. ಉತ್ತರ ಅಮೆರಿಕದಲ್ಲಿ ಅದರ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಕೆಳಗಿನ ಕಾಂಕ್ರೀಟ್ ಸ್ಲ್ಯಾಬ್‌ನೊಳಗೆ ಸಾಲುಸಾಲಾಗಿ ಪೈಪ್ ಹಾಕಿರುತ್ತಾರೆ. ಆ ಪೈಪ್‌ಗಳಲ್ಲಿ ಶೂನ್ಯಕ್ಕಿಂತ ಕಡಿಮೆ ಉಷ್ಣಾಂಶದ ಉಪ್ಪುನೀರು ಅಥವಾ ಗ್ಲೈಕಾಲ್ ದ್ರಾವಣ ಹರಿಯುತ್ತಲೇ ಇರಬೇಕು. ಮೇಲಿನ ಮಂಜುಗಡ್ಡೆ ಒಂದಿಂಚಿನಷ್ಟು ಮಾತ್ರ. ಸ್ಲ್ಯಾಬ್ ಕೆಳಗಿನ ಮಣ್ಣು ಹೆಪ್ಪುಗಟ್ಟಿ ಉಬ್ಬದಂತೆ ನಿರೋಧಕ ಪದರವನ್ನೂ ಹಾಕಬೇಕು. ಕಂಪ್ರೆಸರ್, ತೇವಾಂಶ ತೆಗೆಯುವ ಯಂತ್ರ, ಐಸ್ ನುಣುಪು ಮಾಡುವ ವಾಹನ ಎಲ್ಲವೂ ಬೇಕು. ಗ್ಯಾಲರಿಯಲ್ಲಿ ನೂರು ಜನ ಕೂರಲಿ, ಐದು ಸಾವಿರ ಜನ ಕೂರಲಿ, ಐಸ್ ಕಾಯುವ ಖರ್ಚು ಹೆಚ್ಚುಕಡಿಮೆ ಅಷ್ಟೇ.

ಇನ್ನು ಟಿಕೆಟ್ ಲೆಕ್ಕ. ಒಂದು ಸೀಸನ್‌ನ 68 ಪಂದ್ಯಗಳಲ್ಲಿ ಸ್ವಂತ ಊರಿನಲ್ಲಿ ನಡೆಯುವುದು 34. 1,600 ಆಸನಗಳ ಅರೇನಾ ಪ್ರತಿ ಪಂದ್ಯಕ್ಕೂ ತುಂಬಿದರೂ ಮಾರಾಟವಾಗುವುದು 54,400 ಟಿಕೆಟ್. 4,500 ಆಸನಗಳಿದ್ದರೆ ಅದೇ ಲೆಕ್ಕ 1,53,000. ಆಟಗಾರರು ಎಷ್ಟೇ ಗೋಲು ಹೊಡೆದರೂ ಈ ಎರಡು ಅಂಕಿಗಳ ನಡುವಿನ ಅಂತರ ಒಂದು ಟಿಕೆಟ್‌ನಷ್ಟೂ ಕಡಿಮೆಯಾಗುವುದಿಲ್ಲ. ಗೆದ್ದ ತಂಡಕ್ಕೂ ಸೋತ ತಂಡಕ್ಕೂ ಕುರ್ಚಿಗಳು ಅಷ್ಟೇ.

ಹುಡುಗರು ಮಾಡಿದ್ದು

ಇತ್ತ ಹುಡುಗರು ತಮ್ಮ ಪಾಲಿನ ಕೆಲಸ ಮಾಡುತ್ತಲೇ ಹೋದರು. 2019ರಲ್ಲಿ ಕಿರಿಯರ ಆಯ್ಕೆ ನಡೆದಾಗ ಮೊದಲ ಎರಡು ಸ್ಥಾನಗಳೂ ಐಸ್ ತಂಡದ ಕೈಯಲ್ಲಿದ್ದವು. ಮೊದಲು ಆಯ್ಕೆಯಾದದ್ದು ಆಲ್ಬರ್ಟಾದ ಮ್ಯಾಥ್ಯೂ ಸವೋಯಿ, ಎರಡನೆಯದಾಗಿ ಮ್ಯಾನಿಟೋಬಾದವನೇ ಆದ ಕಾನರ್ ಗೀಕಿ. ಮರುವರ್ಷ ಜ್ಯಾಕ್ ಬೆನ್ಸನ್ ಸೇರಿದ. ಎನ್‌ಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿದ್ದ, ವಿನ್ನಿಪೆಗ್‌ನವರೇ ಆದ ಜೇಮ್ಸ್ ಪ್ಯಾಟ್ರಿಕ್ ಕೋಚ್.

ಮೊದಲ ಸೀಸನ್ ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಅರ್ಧಕ್ಕೆ ನಿಂತಿತು. ಎರಡನೆಯ ಸೀಸನ್‌ಗೆ ಊರೇ ಇರಲಿಲ್ಲ: ಸೋಂಕಿನ ಭಯದಿಂದ ಆ ಭಾಗದ ತಂಡಗಳನ್ನೆಲ್ಲ ರಿಜೈನಾ ನಗರದಲ್ಲಿ ಒಟ್ಟಿಗೆ ಇರಿಸಿ, 24 ಪಂದ್ಯ ಮಾತ್ರ ಆಡಿಸಿದರು. ಮೂರನೆಯ ಸೀಸನ್‌ನಲ್ಲಿ ತಂಡ 53 ಪಂದ್ಯ ಗೆದ್ದು, ಲೀಗ್ ಹಂತದ ಅಗ್ರಸ್ಥಾನಕ್ಕೆ ಕೊಡುವ ಸ್ಕಾಟಿ ಮನ್ರೊ ಟ್ರೋಫಿ ಪಡೆಯಿತು. ನಾಲ್ಕನೆಯ ಸೀಸನ್‌ನಲ್ಲಿ 57 ಗೆದ್ದು ಮತ್ತೆ ಅದೇ ಟ್ರೋಫಿ. 2023ರ ಮೇ ತಿಂಗಳಲ್ಲಿ ಫೈನಲ್‌ವರೆಗೂ ಹೋಗಿ ಸಿಯಾಟಲ್ ಥಂಡರ್‌ಬರ್ಡ್ಸ್ ಎದುರು 4-1ರಿಂದ ಸರಣಿ ಸೋತಿತು. ಸವೋಯಿ, ಗೀಕಿ, ಬೆನ್ಸನ್ ಮೂವರನ್ನೂ ಎನ್‌ಎಚ್‌ಎಲ್ ತಂಡಗಳು ಮೊದಲ ಸುತ್ತಿನಲ್ಲೇ ಆರಿಸಿಕೊಂಡವು.

ಕ್ರೀಡಾಂಗಣ ಮಾತ್ರ ಕನ್ನಡಿಯೊಳಗಿನ ಗಂಟಾಗಿಯೇ ಉಳಿಯಿತು. ಎರಡು ವರ್ಷದ ಗಡುವು ಹನುಮಂತನ ಬಾಲದಂತೆ ಬೆಳೆಯಿತು. ಫೈನಲ್ ಮುಗಿದು ತಿಂಗಳು ತುಂಬುವ ಮೊದಲೇ, 2023ರ ಜೂನ್‌ನಲ್ಲಿ, ತಂಡ ಮಾರಾಟವಾಗಿದೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆನಾಚಿಗೆ ಹೋಗಲಿದೆ ಎಂಬ ಸುದ್ದಿ ಬಂತು. ವೆನಾಚಿ ಸೇಬಿನ ತೋಟಗಳಿಗೆ ಹೆಸರಾದ ಊರು. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳ ಅಂಗಳ ಸಿದ್ಧವಾಗಿತ್ತು. ತಂಡ ದೇಶವನ್ನೇ ದಾಟಿತು.

ಕೋವಿಡ್ ಬಂದದ್ದು ಯಾರ ತಪ್ಪೂ ಅಲ್ಲ. ಪ್ರೇಕ್ಷಕರಿಲ್ಲದ ಒಂದೂವರೆ ವರ್ಷ ಯಾವ ಮಾಲೀಕನಿಗೂ ಕಷ್ಟವೇ. ಖಾಸಗಿ ಹಣದಲ್ಲಿ ಕ್ರೀಡಾಂಗಣ ಕಟ್ಟುವುದು ಸುಲಭದ ಮಾತೂ ಅಲ್ಲ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಡಿಪಾಯವೇ ಹಾಕದ ಕಟ್ಟಡವನ್ನು ನಂಬಿ ಒಂದು ಊರಿನಿಂದ ತಂಡವನ್ನು ಕಿತ್ತು ತರಲು ಒಪ್ಪಿಗೆ ಸಿಕ್ಕಿದ್ದಾದರೂ ಹೇಗೆ? ಆ ಒಪ್ಪಿಗೆ ಕೊಡಬೇಕಾದದ್ದು ಲೀಗ್. ಕಟ್ಟಡ ಮೊದಲು ಏಳಲಿ, ಆಮೇಲೆ ತಂಡ ಬರಲಿ ಎಂದು ಹೇಳುವ ಅಧಿಕಾರ ಅದಕ್ಕಿತ್ತು. ಹಾಗೆ ಹೇಳಿದ್ದರೆ ಕ್ರಾನ್‌ಬ್ರೂಕ್‌ಗಾಗಲಿ ವಿನ್ನಿಪೆಗ್‌ಗಾಗಲಿ ಈ ನೋವು ಇರುತ್ತಿರಲಿಲ್ಲ.

ಬೆಲೆ ತೆತ್ತವರು ಯಾರು?

ಮಾಲೀಕರ ಕೈಗೆ ಮಾರಾಟದ ಹಣ ಬಂತು, ಲೀಗ್‌ಗೆ ಅಂಗಳವಿರುವ ಊರು ಸಿಕ್ಕಿತು. ಕಳೆದುಕೊಂಡವರ ಪಟ್ಟಿ ಉದ್ದವಿದೆ. ಕ್ರಾನ್‌ಬ್ರೂಕ್ ತಂಡ ಕಳೆದುಕೊಂಡಿತು. ಎರಡು ವರ್ಷ ತಡೆದುಕೊಳ್ಳಿ ಎಂಬ ಮಾತು ನಂಬಿ ಸೀಸನ್ ಟಿಕೆಟ್ ಕೊಂಡಿದ್ದ ವಿನ್ನಿಪೆಗ್‌ನ ಅಭಿಮಾನಿಗಳ ಮೂಗಿಗೆ ತುಪ್ಪ ಸವರಿದಂತಾಯಿತು.

ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ಗುಂಪಿದೆ. ವೆನಾಚಿಯಲ್ಲಿ ಆಗಲೇ 'ವೆನಾಚಿ ವೈಲ್ಡ್' ಎಂಬ ತಂಡವಿತ್ತು. ಅದು ಬಿಸಿಎಚ್‌ಎಲ್ ಎಂಬ ಬೇರೆ ಜೂನಿಯರ್ ಲೀಗ್‌ನಲ್ಲಿ ಆಡುತ್ತಿತ್ತು. ಐಸ್ ಬಂದ ಮೇಲೆ ಹೆಸರು ಉಳಿಯಿತು, ಆ ತಂಡ ಉಳಿಯಲಿಲ್ಲ. ಅಲ್ಲಿದ್ದ ಹುಡುಗರು ಬೇರೆ ತಂಡ ಹುಡುಕಿಕೊಳ್ಳಬೇಕಾಯಿತು. ಹೊಸ ತಂಡಕ್ಕೇ ಸೇರಬಹುದಿತ್ತಲ್ಲ ಎನ್ನಬಹುದು. ಆದರೆ ಆಗಿನ ನಿಯಮದಂತೆ ಡಬ್ಲ್ಯುಎಚ್‌ಎಲ್‌ನಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಅಡಿಯಲ್ಲಿ ಕಾಲೇಜು ಹಾಕಿ ಆಡುವ ಬಾಗಿಲು ಮುಚ್ಚಿಹೋಗುತ್ತಿತ್ತು. ಬಿಸಿಎಚ್‌ಎಲ್ ಹುಡುಗರಲ್ಲಿ ಅನೇಕರ ಗುರಿಯೇ ಕಾಲೇಜು ತಂಡ. ಆ ನಿಯಮವನ್ನು ಬದಲಿಸುವ ತೀರ್ಮಾನವಾದದ್ದು 2024ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಆ ಹುಡುಗರ ಎರಡು ವರ್ಷ ಕಳೆದಿತ್ತು. ಹದಿನೆಂಟು ವರ್ಷದವನಿಗೆ ಎರಡು ವರ್ಷ ಎಷ್ಟು ದೊಡ್ಡದು ಎಂಬುದು ಸಪ್ಲಿಮೆಂಟರಿ ಬರೆದವರಿಗೆ, ನೀಟ್‌ಗೆ ರಿಪೀಟ್ ಮಾಡಿದವರಿಗೆ ಹೇಳಬೇಕಿಲ್ಲ.

ಆಟಗಾರರನ್ನು ಕಾನೂನು ಹೇಗೆ ನೋಡುತ್ತದೆ ಎಂಬುದನ್ನೂ ಗಮನಿಸಬೇಕು. ಜೂನಿಯರ್ ಆಟಗಾರರು ನೌಕರರೋ ವಿದ್ಯಾರ್ಥಿಗಳೋ ಎಂಬ ವಿವಾದ ಕೆನಡಾದಲ್ಲಿ ಹಳೆಯದು. ಕನಿಷ್ಠ ವೇತನ ಕೊಡಬೇಕೆಂದು 2014ರಲ್ಲಿ ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ಬ್ರಿಟಿಷ್ ಕೊಲಂಬಿಯಾ 2016ರಲ್ಲಿ, ಒಂಟಾರಿಯೊ 2018ರಲ್ಲಿ ಈ ಆಟಗಾರರನ್ನು ಕನಿಷ್ಠ ವೇತನದ ನಿಯಮದಿಂದಲೇ ಹೊರಗಿಟ್ಟವು. ಟಿಕೆಟ್ ಮಾರಲು ಬೇಕಾದ ಹುಡುಗ, ಸಂಬಳದ ಮಾತು ಬಂದಾಗ ವಿದ್ಯಾರ್ಥಿ! ಸ್ಟೈಪೆಂಡ್ ಇಲ್ಲದೆ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ, ಕೊನೆಗೆ ಒಂದು ಸರ್ಟಿಫಿಕೇಟ್ ಹಿಡಿದು ಬಂದವರಿಗೆ ಈ ತರ್ಕ ಹೊಸದಲ್ಲ.

ಜೊತೆಗೆ ಬಂದ ಭರವಸೆ, ಬಾರದ ಭರವಸೆ

ಇಷ್ಟೆಲ್ಲ ಓದಿದ ಮೇಲೆ 'ಹಾಗಾದರೆ ಕಷ್ಟಪಟ್ಟು ಏನು ಪ್ರಯೋಜನ?' ಎಂದು ನಿರಾಶರಾಗುವುದು ಸುಲಭ. ನನ್ನ ಅಭಿಪ್ರಾಯ ಅದಲ್ಲ. ಇದೇ ತಂಡದ ಕಥೆಯೊಳಗೆ ಇನ್ನೊಂದು ಭರವಸೆಯೂ ಇದೆ, ಅದು ಸುಳ್ಳಾಗಲಿಲ್ಲ.

ಡಬ್ಲ್ಯುಎಚ್‌ಎಲ್‌ನಲ್ಲಿ ಒಂದು ಸೀಸನ್ ಆಡಿದವನಿಗೆ ಒಂದು ವರ್ಷದ ಉನ್ನತ ಶಿಕ್ಷಣದ ಬೋಧನಾ ಶುಲ್ಕ ಮತ್ತು ಪುಸ್ತಕದ ವೆಚ್ಚ ವಿದ್ಯಾರ್ಥಿವೇತನವಾಗಿ ಸಿಗುತ್ತದೆ. ನಾಲ್ಕು ಸೀಸನ್ ಆಡಿದರೆ ನಾಲ್ಕು ವರ್ಷ. ಷರತ್ತುಗಳು ಇವೆ. ಆದರೆ ಇದು ಲೀಗ್‌ನ ಲಿಖಿತ ವ್ಯವಸ್ಥೆ, ಯಾವುದೋ ಒಬ್ಬ ಮಾಲೀಕನ ಬಾಯಿಮಾತಲ್ಲ. ತಂಡ ಕ್ರಾನ್‌ಬ್ರೂಕ್‌ನಲ್ಲಿರಲಿ, ವಿನ್ನಿಪೆಗ್‌ನಲ್ಲಿರಲಿ, ವೆನಾಚಿಗೆ ಹೋಗಲಿ, ಆಡಿದ ಸೀಸನ್‌ಗಳ ಲೆಕ್ಕ ಆಟಗಾರನ ಹೆಸರಿನಲ್ಲಿಯೇ ಇರುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ರೀಡಾಂಗಣದ ಭರವಸೆ ಮಾಲೀಕನಿಗೆ ಅಂಟಿಕೊಂಡಿತ್ತು. ಅವನು ಹೋದ, ಅದೂ ಹೋಯಿತು. ವಿದ್ಯಾರ್ಥಿವೇತನದ ಭರವಸೆ ಆಟಗಾರನಿಗೆ ಅಂಟಿಕೊಂಡಿತ್ತು; ತಂಡದ ಹೆಸರೇ ಬದಲಾದರೂ ಅದು ಅವನ ಜೊತೆ ಹೋಯಿತು. ಕೌಶಲವೂ ಹಾಗೆಯೇ. 2023ರ ಫೈನಲ್ ಸೋತ ಸವೋಯಿ ಮುಂದಿನ ಸೀಸನ್‌ನ ನಡುವೆ ಮೂಸ್ ಜಾ ತಂಡ ಸೇರಿ, 2024ರಲ್ಲಿ ಲೀಗ್ ಚಾಂಪಿಯನ್ ಆದ. ಅದು 1984ರಲ್ಲಿ ವಿನ್ನಿಪೆಗ್ ಬಿಟ್ಟು ಹೋದ, 63 ಪಂದ್ಯ ಸೋತ ಅದೇ ತಂಡ. ಆ ಸಣ್ಣ ಊರಿನಲ್ಲಿ ಅದು ನಾಲ್ಕು ದಶಕ ಬೇರುಬಿಟ್ಟು ನಿಂತಿತ್ತು.

ನಮ್ಮಲ್ಲೂ ಇಂಥ ಉದಾಹರಣೆ ಇಲ್ಲದಿಲ್ಲ. 2009ರಲ್ಲಿ ಐಪಿಎಲ್ ಗೆದ್ದ ಡೆಕ್ಕನ್ ಚಾರ್ಜರ್ಸ್ 2012ರ ನಂತರ ಇಲ್ಲವೇ ಇಲ್ಲ. ಕಪ್ ಗೆದ್ದ ತಂಡವನ್ನೂ ಕಪ್ ಕಾಪಾಡಲಿಲ್ಲ. ಅದರಲ್ಲಿ ಆಡಿದವರು ಮಾತ್ರ ಬೇರೆ ಬೇರೆ ತಂಡಗಳಲ್ಲಿ ಮುಂದುವರಿದರು.

ಹಾಗಾಗಿ ಸಿಇಟಿ ಆಪ್ಷನ್ ಎಂಟ್ರಿ ಮಾಡುವ ತಮ್ಮ ತಂಗಿಯರಿಗೆ, ಪ್ಲೇಸ್‌ಮೆಂಟ್‌ಗೆ ಕೂರುವ ನನ್ನ ಜೊತೆಯವರಿಗೆ, ಕೆಲಸ ಹುಡುಕುತ್ತಿರುವ ಅಣ್ಣ ಅಕ್ಕಂದಿರಿಗೆ ನನ್ನದೊಂದು ವಿನಂತಿ. ಯಾವುದೇ ಭರವಸೆ ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳೋಣ. ಇದು ಬರಹದಲ್ಲಿದೆಯೇ, ಬಾಯಿಮಾತೇ? ಇದನ್ನು ಕೊಟ್ಟ ವ್ಯಕ್ತಿ ನಾಳೆ ಹೊರಟುಹೋದರೂ ಇದು ಉಳಿಯುತ್ತದೆಯೇ? ಇದು ನನ್ನ ಹೆಸರಿನಲ್ಲಿದೆಯೇ, ಸಂಸ್ಥೆಯ ಹೆಸರಿನಲ್ಲಿದೆಯೇ? 'ಮುಂದಿನ ವರ್ಷ ಹೊಸ ಕ್ಯಾಂಪಸ್' ಎಂಬ ಪ್ರಾಸ್ಪೆಕ್ಟಸ್‌ನ ಬಣ್ಣದ ಚಿತ್ರ, 'ಆರು ತಿಂಗಳಲ್ಲಿ ಕಾಯಂ ಮಾಡುತ್ತೇವೆ' ಎಂಬ ಎಚ್‌ಆರ್ ಮಾತು, ಜಾಯ್ನಿಂಗ್ ತಾರೀಖೇ ಇಲ್ಲದ ಆಫರ್ ಲೆಟರ್, ಇವೆಲ್ಲ ಏಳದ ಕ್ರೀಡಾಂಗಣದ ಸಾಲಿಗೆ ಸೇರಬಹುದು. ಪಡೆದ ಪದವಿ, ಕಲಿತ ಕೆಲಸ, ಸಹಿ ಬಿದ್ದ ಒಪ್ಪಂದ, ನಮ್ಮ ಪಿಎಫ್ ಖಾತೆಗೆ ಬಿದ್ದ ಹಣ, ಇವು ಯಾವ ಊರಿಗೆ ಹೋದರೂ ನಮ್ಮ ಜೊತೆ ಬರುತ್ತವೆ.

ಪ್ರಶ್ನೆ ಕೇಳುವುದು ಹುಡುಗರ ಕೆಲಸ ಮಾತ್ರ ಎಂದು ಕೈತೊಳೆದುಕೊಂಡರೆ ಅದೂ ಅನ್ಯಾಯ. ಹದಿನಾರು ವರ್ಷದವನು ಮಾಲೀಕನ ನೀಲನಕ್ಷೆ ಪರೀಕ್ಷಿಸಲಾರ. ಹದಿನೇಳು ವರ್ಷದವಳು ಕಾಲೇಜಿನ ಲೆಕ್ಕಪತ್ರ ತೆಗೆದು ನೋಡಲಾರಳು. ಆ ಜವಾಬ್ದಾರಿ ಅಲ್ಲಿ ಲೀಗ್‌ನದು, ಇಲ್ಲಿ ಮಾನ್ಯತೆ ಕೊಡುವವರದು. ಕಟ್ಟಡ ಎದ್ದ ಮೇಲೆ ಅನುಮತಿ, ಪ್ರಯೋಗಾಲಯ ಬಂದ ಮೇಲೆ ಸೀಟು, ಕೆಲಸ ಇದ್ದಾಗ ಮಾತ್ರ ಆಫರ್. ಇದು ದುಬಾರಿ ಬೇಡಿಕೆಯಲ್ಲ. ಒಂದು ಸ್ಲ್ಯಾಬ್ ಹಾಕುವ ಮೊದಲು ಕೆಳಗಿನ ಮಣ್ಣು ಪರೀಕ್ಷೆ ಮಾಡಿಸಬೇಕು ಎಂದು ನಮಗೆ ಎರಡನೇ ವರ್ಷದಲ್ಲೇ ಕಲಿಸುತ್ತಾರೆ. ನೂರಾರು ಹುಡುಗ ಹುಡುಗಿಯರ ನಾಲ್ಕು ವರ್ಷಗಳನ್ನು ಒಂದು ಮಾತಿನ ಮೇಲೆ ನಿಲ್ಲಿಸುವ ಮೊದಲು ಅಷ್ಟಾದರೂ ಪರೀಕ್ಷೆ ಬೇಡವೇ?